ಮನೆಯಲ್ಲಿದ್ದೂ ಮನೆಗೆ ಹೊರಟವರು

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ತಾತ ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಮನೆಯೆಲ್ಲ ಅದನ್ನೇ ಹುಡುಕಿದಾಗ ನಾವು ಈ ಗಾದೆಯನ್ನು ನೆನೆದು ನಗುತ್ತೇವೆ, ತಾತನೂ ನಗುತ್ತಾರೆ. ಅಷ್ಟರ ಮಟ್ಟಿಗೆ ಅದು ನಿರಪಾಯಕರವಾದ ಮಾತು. ಆದರೆ ಕೆಲವು ಮನೆಗಳಲ್ಲಿ ನಗುವಂತಿಲ್ಲದ ಮರೆವೊಂದು ಮೆಲ್ಲಗೆ ಒಳಹೊಕ್ಕಿರುತ್ತದೆ. ಆಗಲೂ ಮನೆಯವರು ಇದೇ ಗಾದೆಯನ್ನು ಹೇಳಿಕೊಂಡು, ವಯಸ್ಸಾದವರಿಗೆ ಇದು ಸಹಜವೆಂದು ಸುಮ್ಮನಾಗುತ್ತಾರೆ. ಎರಡು ಮೂರು ವರ್ಷಗಳು ಹಾಗೆಯೇ ಕಳೆದುಹೋಗುತ್ತವೆ. ಗಾದೆ ವೇದಕ್ಕೆ ಸಮಾನವೆನ್ನುವುದುಂಟು. ಈ ಒಂದು ಗಾದೆಯ ವಿಷಯದಲ್ಲಿ ನಮಗೆ ಆ ನಂಬಿಕೆಯಿಲ್ಲ.

ಬೀಗದ ಕೈಯನ್ನು ಎಲ್ಲಿಟ್ಟೆನೆಂಬುದನ್ನು ಮರೆಯುವುದು ಒಂದು ಬಗೆ. ಬೀಗದ ಕೈಯನ್ನು ಅಂಗೈಯಲ್ಲಿ ಹಿಡಿದು, ಇದು ಏತಕ್ಕಾಗಿ ಇರುವ ವಸ್ತುವೆಂದು ತಿಳಿಯದೆ ತಿರುಗಿಸಿ ನೋಡುವುದು ಬೇರೊಂದು ಬಗೆ. ಮೊದಲನೆಯದು ವಯಸ್ಸಿನ ಮರೆವು. ಎರಡನೆಯದು ಮಿದುಳಿನ ರೋಗ. ಈ ರೋಗಗಳ ಗುಂಪಿಗೆ ವೈದ್ಯರು ಡಿಮೆನ್ಷಿಯ ಎನ್ನುತ್ತಾರೆ. ಅವುಗಳಲ್ಲಿ ಅತಿ ಹೆಚ್ಚಾಗಿ ಕಂಡುಬರುವುದು ಆಲ್ಝೈಮರ್ ರೋಗ. ನೂರು ಮಂದಿ ಡಿಮೆನ್ಷಿಯ ರೋಗಿಗಳಲ್ಲಿ ಅರುವತ್ತರಿಂದ ಎಪ್ಪತ್ತು ಮಂದಿಯದು ಇದೇ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಭಾರತದಲ್ಲಿ ಅರುವತ್ತು ದಾಟಿದವರ ಪೈಕಿ ನೂರಕ್ಕೆ 7.4 ಮಂದಿ, ಎಂದರೆ ಸುಮಾರು 88 ಲಕ್ಷ ಜನ, ಯಾವುದಾದರೊಂದು ಬಗೆಯ ಡಿಮೆನ್ಷಿಯಕ್ಕೆ ಒಳಗಾಗಿದ್ದಾರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದು ತಿಳಿಸುತ್ತದೆ. ಹಾಗೆಂದಮೇಲೆ ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಹಲವರ ಮನೆಯಲ್ಲಿಯೇ ಇಂಥ ಅಜ್ಜಿಯೋ ತಾತನೋ ಇರಬಹುದು.

ನಾವು ಭೌತವಿಜ್ಞಾನದ ಉಪನ್ಯಾಸಕರು, ವೈದ್ಯರಲ್ಲ. ಆದರೂ ಈ ವಿಷಯವನ್ನು ಕುರಿತು ಬರೆಯಲು ಒಂದು ಕಾರಣವುಂಟು. ಎಂ.ಎಸ್‌ಸಿ. ವ್ಯಾಸಂಗಕ್ಕಾಗಿ ನಾವು ಮೈಸೂರಿನಲ್ಲಿದ್ದ ಎರಡು ವರ್ಷ ನಮ್ಮ ಸೋದರತ್ತೆಯವರ ಮನೆಯಲ್ಲಿ ವಾಸವಾಗಿದ್ದೆವು. ಅತ್ತೆಯವರಿಗೆ ಆಗ ಎಪ್ಪತ್ತನಾಲ್ಕು ವರ್ಷ. ನಲವತ್ತು ವರ್ಷಗಳಿಂದ ಅವರು ಇದ್ದುದು ಅದೇ ಮನೆ. ದಿನವೂ ಸಂಜೆ ಐದೂವರೆಯಾಗುತ್ತಲೆ ಅವರು ಎರಡು ಸೀರೆಗಳನ್ನು ಬಟ್ಟೆಯ ಚೀಲದಲ್ಲಿ ತುಂಬಿಕೊಂಡು ಬಾಗಿಲ ಬಳಿ ಬಂದು ನಿಲ್ಲುವರು. “ಕತ್ತಲಾಯಿತು, ಮನೆಗೆ ಹೋಗಬೇಕು. ಅಮ್ಮ ಕಾಯುತ್ತಿರುತ್ತಾಳೆ” ಎನ್ನುವರು. “ಅತ್ತೆ, ಇದೇ ನಿಮ್ಮ ಮನೆಯಲ್ಲವೆ?” ಎಂದು ನಾವು ಹೇಳಿದರೆ, “ನಿಮ್ಮ ಮನೆ ಚೆನ್ನಾಗಿದೆ. ಆದರೂ ನಮ್ಮ ಮನೆಗೆ ನಾವು ಹೋಗಬೇಡವೆ?” ಎಂದು ಬಹಳ ಮರ್ಯಾದೆಯಿಂದ ಉತ್ತರ ಕೊಡುವರು.

ಫ್ರಾಂಕ್‌ಫರ್ಟಿನ ರೋಗಿ

ಈ ರೋಗಕ್ಕೆ ಹೆಸರು ಬಂದ ಕಥೆಯಲ್ಲಿಯೂ ಒಂದು ಸಂಸಾರವೇ ಇದೆ. 1901ನೆಯ ನವೆಂಬರ್ 25ರಂದು ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಚಿಕಿತ್ಸಾಲಯಕ್ಕೆ ಆಗುಸ್ಟ ಡೀಟರ್ ಎಂಬ ಮಹಿಳೆಯನ್ನು ಕರೆತರಲಾಯಿತು. ಆಕೆಗೆ ಆಗ ಇನ್ನೂ 51 ವರ್ಷ. ಪತಿ ರೈಲ್ವೆಯಲ್ಲಿ ಗುಮಾಸ್ತ. ಅಲ್ಲಿಯವರೆಗೆ ಸುಖವಾಗಿದ್ದ ಸಂಸಾರದಲ್ಲಿ ಕೆಲವು ತಿಂಗಳುಗಳಿಂದ ಎಲ್ಲವೂ ತಲೆಕೆಳಗಾಗಿದ್ದಿತು. ಗಂಡನಿಗೂ ನೆರೆಮನೆಯವಳಿಗೂ ಸಂಬಂಧವಿದೆಯೆಂದು ಆಕೆ ಶಂಕಿಸುವಳು. ಅಡಿಗೆಯಲ್ಲಿ ತಪ್ಪು ಮಾಡುವಳು. ಸಾಮಾನುಗಳನ್ನು ಎಲ್ಲೆಲ್ಲಿಯೋ ಬಚ್ಚಿಡುವಳು. ಮನೆಯೊಳಗೆ ಗೊತ್ತುಗುರಿಯಿಲ್ಲದೆ ಅಲೆಯುವಳು.

ಮಾರನೆಯ ದಿನ ಆಕೆಯನ್ನು ಪರೀಕ್ಷಿಸಿದವರು ಅಲೊಯಿಸ್ ಆಲ್ಝೈಮರ್ ಎಂಬ ವೈದ್ಯರು. ನಿನ್ನ ಹೆಸರೇನೆಂದು ಕೇಳಿದರು. ಆಗುಸ್ಟ ಎಂದಳು. ಮನೆತನದ ಹೆಸರೇನು? ಆಗುಸ್ಟ. ಗಂಡನ ಹೆಸರು? ಆಗುಸ್ಟ ಇರಬೇಕು ಎಂದಳು. ಮಧ್ಯಾಹ್ನ ಆಕೆ ಹೂಕೋಸನ್ನೂ ಹಂದಿಯ ಮಾಂಸವನ್ನೂ ತಿನ್ನುತ್ತಿದ್ದಾಗ, ಏನು ತಿನ್ನುತ್ತಿರುವೆ ಎಂದು ಕೇಳಿದ್ದಕ್ಕೆ, ಪಾಲಕ್ ಸೊಪ್ಪು ಎಂದು ಉತ್ತರ ಬಂದಿತು. ಹೆಸರನ್ನು ಬರೆಯೆಂದು ಲೇಖನಿ ಕೊಟ್ಟರೆ, ‘ಶ್ರೀಮತಿ’ ಎಂಬರ್ಥದ ಮಾತನ್ನು ಬರೆಯುವಷ್ಟರಲ್ಲಿ ಮುಂದಿನದು ಮರೆತುಹೋಗುತ್ತಿದ್ದಿತು. ತನ್ನನ್ನು ತಾನೇ ಕಳೆದುಕೊಂಡೆನೆಂದು ಆಕೆ ಹೇಳಿಕೊಂಡುದನ್ನೂ ಆಲ್ಝೈಮರ್ ಬರೆದಿಟ್ಟಿದ್ದಾರೆ. ರೋಗಿಗೆ ತನ್ನ ಸ್ಥಿತಿ ತಿಳಿಯುವುದೇ ಇಲ್ಲವೆಂದು ನಾವು ಸಮಾಧಾನಪಟ್ಟುಕೊಳ್ಳುವುದುಂಟು. ಆರಂಭದ ದಿನಗಳಲ್ಲಿ ಅದು ಅನೇಕರಿಗೆ ತಿಳಿದಿರುತ್ತದೆ ಎಂಬುದಕ್ಕೆ ಈ ದಾಖಲೆಯೊಂದೇ ಸಾಕು.

1906ನೆಯ ಏಪ್ರಿಲ್ 8ರಂದು ಆಕೆ ತೀರಿಕೊಂಡಳು. ಅಷ್ಟು ಹೊತ್ತಿಗೆ ಆಲ್ಝೈಮರ್ ಮ್ಯೂನಿಕ್ ನಗರಕ್ಕೆ ಹೋಗಿದ್ದರು. ಮಿದುಳನ್ನು ಅಲ್ಲಿಗೆ ತರಿಸಿಕೊಂಡು, ತೆಳುವಾದ ಪದರಗಳಾಗಿ ಕತ್ತರಿಸಿ, ಬೆಳ್ಳಿಯ ಲವಣದಿಂದ ಬಣ್ಣಕಟ್ಟಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಎರಡು ವಿಶೇಷಗಳು ಕಂಡುವು. ಜೀವಕೋಶಗಳ ನಡುವೆ ಜಿಗುಟಾದ ಗಸಿಯಂಥ ವಸ್ತು ಅಲ್ಲಲ್ಲಿ ಗುಪ್ಪೆಗುಪ್ಪೆಯಾಗಿ ಶೇಖರವಾಗಿದ್ದಿತು. ಜೀವಕೋಶಗಳ ಒಳಗೆ ಎಳೆಗಳು ಗೋಜುಗೋಜಾಗಿ ಸಿಕ್ಕುಗಟ್ಟಿದ್ದುವು. ಅದೇ ವರ್ಷ ನವೆಂಬರ್ 3ರಂದು ಟ್ಯೂಬಿಂಗನ್ ನಗರದ ವೈದ್ಯರ ಸಭೆಯಲ್ಲಿ ಇದನ್ನು ವಿವರಿಸಿದಾಗ ಸಭಿಕರಲ್ಲಿ ಒಬ್ಬರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲವಂತೆ! 1910ರಲ್ಲಿ ಎಮಿಲ್ ಕ್ರೆಪಲಿನ್ ಎಂಬ ಹಿರಿಯ ವೈದ್ಯರು ತಮ್ಮ ಪಠ್ಯಪುಸ್ತಕದಲ್ಲಿ ಈ ರೋಗಕ್ಕೆ ಆಲ್ಝೈಮರರ ಹೆಸರನ್ನು ಇಟ್ಟರು. ಆಗುಸ್ಟಳ ಕಡತ ಕಳೆದೇಹೋಯಿತೆಂದು ಭಾವಿಸಲಾಗಿತ್ತು. 1995ರಲ್ಲಿ ಅದು ಫ್ರಾಂಕ್‌ಫರ್ಟಿನಲ್ಲಿಯೇ ದೊರೆಯಿತು. ಮೇಲಿನ ಸಂಭಾಷಣೆ ನಮಗೆ ತಿಳಿದಿರುವುದು ಅದರಿಂದಲೇ.

ಆ ಗುಪ್ಪೆಗಳಲ್ಲಿರುವುದು ಬೀಟ ಅಮಿಲಾಯ್ಡ್ ಎಂಬ ಸಸಾರಜನಕ ವಸ್ತುವೆಂದು 1984ರಲ್ಲಿ ಗೊತ್ತಾಯಿತು. ಸಿಕ್ಕುಗಳಲ್ಲಿರುವುದು ಟೌ ಎಂಬ ಇನ್ನೊಂದು ಸಸಾರಜನಕ ವಸ್ತು. ನರಕೋಶದ ಉದ್ದನೆಯ ಎಳೆಗಳೊಳಗೆ ಸಾಮಗ್ರಿಗಳನ್ನು ಸಾಗಿಸಲು ಅತಿ ಸೂಕ್ಷ್ಮವಾದ ನಳಿಗೆಗಳಿವೆ. ಚಪ್ಪರದ ಬಿದಿರನ್ನು ಹಗ್ಗ ಹಿಡಿದು ನಿಲ್ಲಿಸುವಂತೆ ಟೌ ಆ ನಳಿಗೆಗಳನ್ನು ಭದ್ರಪಡಿಸಿರುತ್ತದೆ. ಈ ರೋಗದಲ್ಲಿ ಕಟ್ಟು ಕಳಚಿ ಹಗ್ಗವೆಲ್ಲ ಒಂದಕ್ಕೊಂದು ಸುತ್ತಿಕೊಂಡುಬಿಡುತ್ತದೆ. ಸಾಗಣೆ ನಿಂತು ನರಕೋಶ ಸಾಯುತ್ತದೆ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿರುವುದರಿಂದ ಮೊದಮೊದಲು ಆಗುವ ನಷ್ಟ ಹೊರಗೆ ತೋರುವುದೇ ಇಲ್ಲ. ಮರೆವು ಕಾಣಿಸಿಕೊಳ್ಳುವುದಕ್ಕೆ ಹದಿನೈದು ಇಪ್ಪತ್ತು ವರ್ಷಗಳ ಮೊದಲೇ ಒಳಗೆ ಈ ಕೆಲಸ ಪ್ರಾರಂಭವಾಗಿರುತ್ತದೆ.

ಹಳೆಯದು ಉಳಿದು ಹೊಸದು ಅಳಿಯುವುದೇಕೆ?

ಅತ್ತೆಯವರಿಗೆ ಬೆಳಗಿನ ತಿಂಡಿ ತಿಂದುದು ಹತ್ತು ಗಂಟೆಗೆ ನೆನಪಿರುತ್ತಿರಲಿಲ್ಲ. ಆದರೆ ತಮ್ಮ ಹತ್ತನೆಯ ವಯಸ್ಸಿನಲ್ಲಿ ತವರಿನ ಹಿತ್ತಿಲಿನಲ್ಲಿದ್ದ ಸಂಪಿಗೆಯ ಮರ, ಅದಕ್ಕೆ ಕಟ್ಟುತ್ತಿದ್ದ ಹಸುವಿನ ಹೆಸರು, ಹೊಳೆಯ ಸೋಪಾನದ ಮೆಟ್ಟಿಲುಗಳ ಸಂಖ್ಯೆ ಎಲ್ಲವೂ ನೆನಪಿದ್ದುವು. ‘ಬೇಕಾದ್ದು ಮಾತ್ರ ನೆನಪಿರುತ್ತದೆ’ ಎಂದು ಬಂಧುಗಳೊಬ್ಬರು ಕುಹಕವಾಡಿದುದು ನಮಗೆ ನೆನಪಿದೆ. ಇದು ಕಪಟವಲ್ಲ. ಹೊಸ ನೆನಪು ಮೊದಲು ಅಳಿದು ಹಳೆಯ ನೆನಪು ಕೊನೆಯವರೆಗೆ ಉಳಿಯುತ್ತದೆಂಬ ನಿಯಮವನ್ನು ಫ್ರಾನ್ಸ್ ದೇಶದ ಥಿಯೊಡ್ಯೂಲ್ ರಿಬೊ 1881ರಷ್ಟು ಹಿಂದೆಯೇ ನಿರೂಪಿಸಿದ್ದರು.

ಕಿವಿಗಳ ಒಳಬದಿಗೆ, ಮಿದುಳಿನ ಆಳದಲ್ಲಿ, ಎಡಬಲಗಳಿಗೊಂದರಂತೆ ಎರಡು ಚಿಕ್ಕ ಭಾಗಗಳಿವೆ. ಆಕಾರದಲ್ಲಿ ಕಡಲಕುದುರೆಯನ್ನು ಹೋಲುವುದರಿಂದ ಅದಕ್ಕೆ ಹಿಪೊಕ್ಯಾಂಪಸ್ ಎಂಬ ಹೆಸರು. ಆಗತಾನೆ ನಡೆದುದನ್ನು ನೆನಪಾಗಿ ಪರಿವರ್ತಿಸುವ ಕೆಲಸ ಇಲ್ಲಿಯದು. ಬಹಳ ಹಿಂದೆಯೇ ನೆಲೆನಿಂತ ನೆನಪುಗಳಾದರೊ ಮಿದುಳಿನ ಹೊರಪದರದಲ್ಲಿ ವಿಶಾಲವಾಗಿ ಹರಡಿರುತ್ತವೆ. ಆಲ್ಝೈಮರ್ ರೋಗ ಮೊದಲು ಧಾಳಿಯಿಡುವುದು ಈ ಕಡಲಕುದುರೆಗೂ ಅದರ ನೆರೆಯ ಭಾಗಕ್ಕೂ. ಅಂಚೆಯ ಕಛೇರಿ ಮುಚ್ಚಿದರೆ ಹೊಸ ಕಾಗದ ಬರುವುದಿಲ್ಲ; ಪೆಟ್ಟಿಗೆಯಲ್ಲಿರುವ ಹಳೆಯ ಕಾಗದಗಳನ್ನು ಓದುತ್ತ ಕೂಡಬಹುದು.

ಇದನ್ನು ಅರಿತರೆ ರೋಗಿಯ ವಿಚಿತ್ರ ವರ್ತನೆಗಳಲ್ಲಿ ಅನೇಕವು ವಿಚಿತ್ರವಾಗಿ ತೋರುವುದಿಲ್ಲ. ಇತ್ತೀಚಿನ ಅರುವತ್ತು ವರ್ಷಗಳ ನೆನಪು ಕರಗಿದ ಮೇಲೆ ಉಳಿಯುವ ಮನೆ ತವರುಮನೆಯಲ್ಲದೆ ಬೇರೆ ಯಾವುದು? ಕನ್ನಡಿಯಲ್ಲಿ ತನ್ನನ್ನು ಹನ್ನೆರಡರ ಹುಡುಗಿಯಾಗಿ ನಿರೀಕ್ಷಿಸುವವಳಿಗೆ ಅಲ್ಲಿ ಕಾಣುವ ಬಿಳಿಗೂದಲಿನ ಮುದುಕಿ ಅಪರಿಚಿತಳೇ ಸರಿ. ಅತ್ತೆಯವರು ಸ್ನಾನದ ಮನೆಗೆ ಹೋಗಲು ಒಪ್ಪದಿದ್ದುದಕ್ಕೆ ಒಂದು ಕಾರಣ ಅಲ್ಲಿದ್ದ ಕನ್ನಡಿ. ‘ಯಾರೋ ನಿಂತಿದ್ದಾರೆ’ ಎನ್ನುತ್ತಿದ್ದರು. ಕನ್ನಡಿಯ ಮೇಲೆ ಪಂಚೆ ಹೊದಿಸಿದ ದಿನದಿಂದ ಸ್ನಾನ ಸುಲಭವಾಯಿತು.

ಕಳ್ಳತನದ ಆರೋಪವೂ ಹಾಗೆಯೇ. ಅತ್ತೆಯವರು ತಮ್ಮ ಎರಡೆಳೆಯ ಸರವನ್ನು ಅಕ್ಕಿಯ ಡಬ್ಬಿಯೊಳಗೆ ಬಚ್ಚಿಟ್ಟು, ಸೊಸೆ ಕದ್ದಳೆಂದು ಕೂಗಾಡಿದರು. ತರ್ಕದ ದೃಷ್ಟಿಯಿಂದ ಇದರಲ್ಲಿ ದೋಷವಿಲ್ಲವೆಂಬುದನ್ನು ನಮ್ಮ ವಾಚಕರು ಗಮನಿಸಬೇಕು. ಸರ ಇದ್ದ ಕಡೆ ಇಲ್ಲ. ನಾನು ತೆಗೆದ ನೆನಪು ನನಗಿಲ್ಲ. ಆದುದರಿಂದ ಬೇರೆ ಯಾರೋ ತೆಗೆದಿದ್ದಾರೆ. ಊಹೆ ಸರಿ, ಆಧಾರವಾಕ್ಯ ಮಾತ್ರ ಕಳೆದುಹೋಗಿದೆ. ಹೀಗಿರುವಾಗ ರೋಗಿಯೊಡನೆ ವಾದಮಾಡಿ ಫಲವಿಲ್ಲ. “ಹೌದೆ? ಬನ್ನಿ, ಹುಡುಕೋಣ” ಎಂದು ಜೊತೆಯಲ್ಲಿ ಹುಡುಕಹೊರಟರೆ ಕೋಪ ಅರ್ಧ ಇಳಿಯುತ್ತದೆ. ಆದರೆ ಆರೋಪವನ್ನು ದಿನವೂ ಕೇಳುವವರ ಗತಿಯೇನು? ಊರಿನಿಂದ ಬಂದ ನೆಂಟರೊಬ್ಬರು ಸೊಸೆ ಊಟವನ್ನೇ ಹಾಕುವುದಿಲ್ಲವೆಂಬ ಅತ್ತೆಯವರ ಮಾತನ್ನು ನಂಬಿ ಎಲ್ಲೆಡೆ ಹೇಳಿಕೊಂಡು ಬಂದರು. ಆಗ ಎಲೆಯೆತ್ತಿ ಅರ್ಧ ಗಂಟೆಯೂ ಆಗಿರಲಿಲ್ಲ. ಆ ಹೆಣ್ಣುಮಗಳು ಅಂದು ಅಡಿಗೆಮನೆಯಲ್ಲಿ ನಿಂತು ಅತ್ತುದನ್ನು ನಾವು ಕಂಡಿದ್ದೇವೆ.

ನೆಂಟರ ಇನ್ನೊಂದು ಅಭ್ಯಾಸವನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಬಂದವರೆಲ್ಲರೂ ರೋಗಿಯ ಮುಂದೆ ಕುಳಿತು, “ನಾನು ಯಾರು ಹೇಳಿ ನೋಡೋಣ?” ಎಂದು ಪರೀಕ್ಷೆಗೆ ತೊಡಗುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ, ನಿಜ. ಆದರೆ ಉತ್ತರ ಗೊತ್ತಿಲ್ಲದ ವಿದ್ಯಾರ್ಥಿಯನ್ನು ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿದರೆ ಹೇಗಾಗುತ್ತದೆಂಬುದು ನಮ್ಮ ವಾಚಕರಿಗೆ ಗೊತ್ತಿರತಕ್ಕ ವಿಷಯ. “ಅಜ್ಜಿ, ನಾನು ನಿಮ್ಮ ಮೊಮ್ಮಗ, ಶಾಲೆಯಿಂದ ಬಂದೆ” ಎಂದು ನಾವೇ ಹೇಳಿ ಮಾತು ಪ್ರಾರಂಭಿಸಿದರೆ ಇಬ್ಬರಿಗೂ ಸುಖ.

ಒಂದು ತಪ್ಪು

ನಾವೇ ಮಾಡಿದ ತಪ್ಪೊಂದನ್ನು ಹೇಳಬೇಕಾಗಿದೆ. ಅತ್ತೆಯವರ ಪತಿ ತೀರಿಕೊಂಡು ಆಗಲೇ ಒಂಬತ್ತು ವರ್ಷವಾಗಿದ್ದಿತು. ಒಂದು ಸಂಜೆ ಅವರು, “ಅವರು ಇನ್ನೂ ಆಫೀಸಿನಿಂದ ಬರಲಿಲ್ಲವಲ್ಲ” ಎಂದರು. ಸತ್ಯವನ್ನು ಹೇಳುವುದೇ ಸರಿಯೆಂದು ತಿಳಿದಿದ್ದ ನಾವು, “ಅತ್ತೆ, ಮಾವ ತೀರಿಕೊಂಡು ಒಂಬತ್ತು ವರ್ಷವಾಯಿತಲ್ಲ” ಎಂದೆವು. ಅವರು ಆ ಸುದ್ದಿಯನ್ನು ಆಗಲೇ ಮೊದಲ ಬಾರಿಗೆ ಕೇಳಿದವರಂತೆ ಕುಸಿದು ಕುಳಿತು ಅತ್ತರು. ಹತ್ತು ನಿಮಿಷದ ಮೇಲೆ ಅಳುವಿಗೆ ಕಾರಣ ಮರೆತುಹೋಯಿತು. ಅಳು ಮಾತ್ರ ನಿಲ್ಲಲಿಲ್ಲ. ರಾತ್ರಿಯೆಲ್ಲ ಏನೋ ಆಗಿದೆ, ಏನೋ ಆಗಿದೆ ಎಂದು ಅವರು ಮನೆಯಲ್ಲಿ ಅಲೆದಾಡಿದರು. ಮಾರನೆಯ ಸಂಜೆ ಅದೇ ಪ್ರಶ್ನೆ ಬಂದಿತು. ನಾವು ಬುದ್ಧಿಯಿಲ್ಲದೆ ಅದೇ ಉತ್ತರ ಕೊಟ್ಟೆವು.

ಕಾರಣ ಮರೆತರೂ ಭಾವ ಉಳಿಯುವುದೆಂಬುದನ್ನು ಅಮೆರಿಕದ ಅಯೋವ ವಿಶ್ವವಿದ್ಯಾನಿಲಯದ ಸಂಶೋಧಕರು ಪ್ರಯೋಗದಿಂದ ತೋರಿಸಿದ್ದಾರೆ. 2014ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ 17 ಮಂದಿ ಆಲ್ಝೈಮರ್ ರೋಗಿಗಳಿಗೆ ದುಃಖದ ಹಾಗೂ ಸಂತೋಷದ ಚಲನಚಿತ್ರದ ತುಣುಕುಗಳನ್ನು ತೋರಿಸಿದರು. ಸ್ವಲ್ಪ ಹೊತ್ತಿನಲ್ಲಿಯೇ ಚಿತ್ರದಲ್ಲಿ ಏನಿತ್ತೆಂಬುದು ಅವರಿಗೆ ಹೆಚ್ಚುಕಡಮೆ ಮರೆತುಹೋಯಿತು. ಆದರೆ ದುಃಖವೂ ಸಂತೋಷವೂ ಅರ್ಧ ಗಂಟೆಯವರೆಗೂ ಉಳಿದುವು. ಮೊಮ್ಮಕ್ಕಳು ಬಂದು ನಗಿಸಿ ಹೋದುದನ್ನು ಅಜ್ಜಿ ಮರೆಯುತ್ತಾಳೆ, ನಿಜ. ಆದರೂ ಆಕೆಯ ಮಧ್ಯಾಹ್ನ ಹಗುರವಾಗಿರುತ್ತದೆ.

ಹಾಗಾದರೆ ಸುಳ್ಳು ಹೇಳಬಹುದೆ? ಇದರಲ್ಲಿ ತಿಳಿದವರಲ್ಲಿಯೂ ಭಿನ್ನಾಭಿಪ್ರಾಯವಿದೆ. ಜರ್ಮನಿಯ ಡ್ಯೂಸೆಲ್‌ಡಾರ್ಫ್ ನಗರದ ಒಂದು ವೃದ್ಧಾಲಯದ ಮುಂದೆ ಬಸ್ಸು ಬಾರದ ಬಸ್ಸುನಿಲ್ದಾಣವೊಂದನ್ನು ಕಟ್ಟಿದರು. ಮನೆಗೆ ಹೊರಟ ರೋಗಿಗಳು ಅಲ್ಲಿ ಬಂದು ಕೂಡುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಎಲ್ಲಿಗೆ ಹೊರಟೆವೆಂಬುದು ಮರೆಯುತ್ತದೆ. ದಾದಿ ಬಂದು ಒಳಗೆ ಕರೆದೊಯ್ಯುತ್ತಾಳೆ. ಇದನ್ನು ಕರುಣೆಯೆನ್ನುವವರಿದ್ದಾರೆ, ವಂಚನೆಯೆನ್ನುವವರೂ ಇದ್ದಾರೆ. ನಮಗೆ ತೋರುವ ಮಟ್ಟಿಗೆ, ಸುಳ್ಳನ್ನೂ ಹೇಳದೆ ಇರಿಯುವ ಸತ್ಯವನ್ನೂ ಹೇಳದೆ ನಡೆಯುವ ಮೂರನೆಯ ದಾರಿಯೊಂದು ಹಲವು ವೇಳೆ ಇರುತ್ತದೆ. ಸೊಸೆಗೆ ಆ ದಾರಿ ತಿಳಿದಿದ್ದಿತು. “ಮಾವನವರಿಗೆ ಏನು ಅಡಿಗೆ ಇಷ್ಟವಾಗಿತ್ತು, ಹೇಳಿ” ಎಂದು ಆಕೆ ಕೇಳುವಳು. ಅತ್ತೆಯವರು ಹುರುಳಿಯ ಸಾರಿನ ವಿಷಯವನ್ನು ಹೇಳತೊಡಗಿದರೆ ಆಫೀಸಿನ ಮಾತು ಅಲ್ಲಿಗೆ ಮುಗಿಯುವುದು.

ಮನೆಗೆ ಹೊರಡುವ ವಿಷಯದಲ್ಲಿಯೂ ಆಕೆ ವಾದಿಸುತ್ತಿರಲಿಲ್ಲ. ಚೀಲವನ್ನು ತಾನೇ ಹಿಡಿದು, “ನಡೆಯಿರಿ, ಬಿಟ್ಟುಬರುತ್ತೇನೆ” ಎಂದು ಹೊರಡುವಳು. ಬೀದಿಯ ಕೊನೆಯಲ್ಲಿ ತಿರುಗಿ, ಅರಳಿಕಟ್ಟೆಯನ್ನು ಬಳಸಿ ಇನ್ನೊಂದು ಕಡೆಯಿಂದ ಮನೆಗೆ ಬರುವರು. ಬಾಗಿಲ ಬಳಿ ಅತ್ತೆಯವರು ಚಪ್ಪಲಿ ಬಿಟ್ಟು, “ಬನ್ನಿ, ಇಷ್ಟು ದೂರ ಬಂದಿರಿ, ಕಾಫಿ ಕುಡಿದು ಹೋಗಿ” ಎಂದು ಸೊಸೆಯನ್ನೇ ಒಳಕ್ಕೆ ಕರೆಯುವರು.

ಬೆಳಕಿನ ಪಾತ್ರ

ಈ ತಳಮಳ ಸಂಜೆಯೇ ಏಕೆ ಹೆಚ್ಚುತ್ತದೆ? ಇಲ್ಲಿ ನಮ್ಮ ಶಾಸ್ತ್ರಕ್ಕೂ ಸ್ವಲ್ಪ ಸ್ಥಳವಿದೆ.

ನಮ್ಮ ದೇಹದಲ್ಲಿ ನಿದ್ದೆ ಎಚ್ಚರಗಳನ್ನು ನಡೆಸುವ ಗಡಿಯಾರವೊಂದಿದೆ. ಕಣ್ಣಿನ ನರಗಳು ಒಂದನ್ನೊಂದು ದಾಟುವ ಸ್ಥಳದ ಮೇಲುಗಡೆ ಇರುವ ನರಕೋಶಗಳ ಒಂದು ಪುಟ್ಟ ಗುಂಪೇ ಈ ಗಡಿಯಾರ. ದಿನವೂ ಇದನ್ನು ಸರಿಯಾದ ವೇಳೆಗೆ ತಿರುಗಿಸಿಡುವುದು ಹಗಲಿನ ಬೆಳಕು, ಅದರಲ್ಲಿಯೂ 480 ನ್ಯಾನೋಮೀಟರಿನ ಆಸುಪಾಸಿನ ನೀಲಿ ಬೆಳಕು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿಯನ್ನು ತಡೆಯುತ್ತದೆ. ಆಲ್ಝೈಮರ್ ರೋಗದಲ್ಲಿ ಗಡಿಯಾರದ ನರಕೋಶಗಳೂ ನಶಿಸುತ್ತವೆ. ಸಾಲದುದಕ್ಕೆ ರೋಗಿಯನ್ನು ನಾವು ದಿನವೆಲ್ಲ ಒಳಕೋಣೆಯಲ್ಲಿ ಕೂಡಿಸಿಡುತ್ತೇವೆ. ಹೊರಗಿನ ನೇರ ಬಿಸಿಲಿನಲ್ಲಿ ಬೆಳಕಿನ ಪ್ರಮಾಣ ಒಂದು ಲಕ್ಷ ಲಕ್ಸ್‌ನಷ್ಟು. ಮರದ ನೆರಳಿನಲ್ಲಿ ಕೂಡ ಹತ್ತು ಸಾವಿರದಷ್ಟಿರುತ್ತದೆ. ದೀಪ ಹಾಕಿದ ನಮ್ಮ ಕೋಣೆಗಳಲ್ಲಿ ಸಾಮಾನ್ಯವಾಗಿ ನೂರು, ಇನ್ನೂರು ಲಕ್ಸ್. ಕಣ್ಣು ಹೊಂದಿಕೊಳ್ಳುವುದರಿಂದ ಇಷ್ಟು ಅಂತರವಿದೆಯೆಂದು ನಮಗೆ ತೋರುವುದಿಲ್ಲ. ಗಡಿಯಾರಕ್ಕೆ ಮಾತ್ರ ಅದು ಹಗಲಿಗೂ ಇರುಳಿಗೂ ಇರುವ ಭೇದ. ಬೆಳಗಿನ ಹೊತ್ತು ಅಜ್ಜಿಯನ್ನು ಒಂದು ಗಂಟೆ ಜಗುಲಿಯಲ್ಲಿ ಕೂಡಿಸಿದರೆ ಖರ್ಚೇನೂ ಇಲ್ಲ. ಸಂಜೆ ಕತ್ತಲಾಗುವ ಮೊದಲೇ ದೀಪ ಹಾಕಿ, ಮೂಲೆಗಳಲ್ಲಿ ನೆರಳು ನಿಲ್ಲದಂತೆ ನೋಡಿಕೊಂಡರೆ ಹೆದರಿಕೆ ಎಷ್ಟೋ ಕಡಮೆಯಾಗುವುದುಂಟು.

ನೋಡುವುದೆಂದರೆ ಅಕ್ಷಿಪಟದ ಮೇಲೆ ಬಿಂಬ ಬೀಳುವುದಷ್ಟೇ ಅಲ್ಲ. ಬಿಂಬವನ್ನು ಓದುವುದು ಮಿದುಳು. ಈ ರೋಗದಲ್ಲಿ ಓದುವ ಶಕ್ತಿಯೂ ಕುಂದುತ್ತದೆ. ಮಾಸಲು ಬಣ್ಣಗಳ ನಡುವಣ ವ್ಯತ್ಯಾಸ ತಿಳಿಯುವುದಿಲ್ಲ. ಆಳದ ಅಂದಾಜು ತಪ್ಪುತ್ತದೆ. ನಡುಮನೆಯ ಹೊಸ್ತಿಲ ಬಳಿ ಹಾಸಿದ್ದ ಕಪ್ಪು ಕಾಲೊರಸನ್ನು ಕಂಡು ಅತ್ತೆಯವರು ನಿಂತುಬಿಡುತ್ತಿದ್ದರು. ಎಷ್ಟು ಹೇಳಿದರೂ ದಾಟುತ್ತಿರಲಿಲ್ಲ. ನಾವದನ್ನು ಹಟವೆಂದು ತಿಳಿದೆವು. ನೆಲದ ಮೇಲಿನ ಕಪ್ಪು ಚೌಕ ಅವರಿಗೆ ಬಾವಿಯಂತೆ ಕಾಣುತ್ತಿದ್ದಿರಬೇಕೆಂದು ಮೊದಲು ಊಹಿಸಿದವರು ಅವರನ್ನು ನೋಡುತ್ತಿದ್ದ ವೈದ್ಯರು. ಕಾಲೊರಸನ್ನು ತೆಗೆದೊಡನೆಯೆ ಹಟವೂ ಹೋಯಿತು. ನೀರು ಚೆಲ್ಲಿದಂತೆ ಹೊಳೆಯುವ ನುಣುಪು ಕಲ್ಲಿನ ನೆಲವೂ ಇದೇ ರೀತಿ ಅಂಜಿಸುತ್ತದೆ.

ಊಟಕ್ಕೂ ಇದಕ್ಕೂ ಸಂಬಂಧವುಂಟು. ಬಾಸ್ಟನ್ ನಗರದಲ್ಲಿ ರೋಗ ಬಲಿತ ಒಂಬತ್ತು ಮಂದಿಗೆ ಬಿಳಿಯ ತಟ್ಟೆ ಲೋಟಗಳಿಗೆ ಬದಲಾಗಿ ಎದ್ದುಕಾಣುವ ಕೆಂಪು ಬಣ್ಣದವನ್ನು ಕೊಟ್ಟು ನೋಡಿದರು. ಅವರು ತಿನ್ನುವ ಆಹಾರ ನೂರಕ್ಕೆ 25ರಷ್ಟೂ ಕುಡಿಯುವ ಪಾನೀಯ ನೂರಕ್ಕೆ 84ರಷ್ಟೂ ಹೆಚ್ಚಿತೆಂದು 2004ರಲ್ಲಿ ಪ್ರಕಟಿಸಿದರು. ಒಂಬತ್ತು ಮಂದಿಯ ಪ್ರಯೋಗ ಬಹಳ ಚಿಕ್ಕದು. ಆದರೆ ಮನೆಯಲ್ಲಿ ಮಾಡಿ ನೋಡಲು ಅಡ್ಡಿಯಿಲ್ಲ. ಬಿಳಿಯ ಪಿಂಗಾಣಿ ತಟ್ಟೆಯಲ್ಲಿ ಮೊಸರನ್ನವನ್ನು ಬಡಿಸಿ, ಅಜ್ಜಿ ಊಟ ಬಿಟ್ಟಳೆಂದು ಕೊರಗುವುದಕ್ಕಿಂತ ಅದನ್ನೇ ಬಾಳೆಯೆಲೆಯ ಮೇಲೆ ಬಡಿಸಿ ನೋಡಬಹುದು. ಹಸುರಿನ ಮೇಲೆ ಬಿಳುಪು ಎದ್ದು ಕಾಣುವಷ್ಟು ಉಕ್ಕಿನ ತಟ್ಟೆಯ ಮೇಲೆ ಕಾಣುವುದಿಲ್ಲ.

ಕೈಗಳ ನೆನಪು

ಎಲ್ಲ ನೆನಪೂ ಕಡಲಕುದುರೆಯ ಮೂಲಕವೇ ಹೋಗುವುದಿಲ್ಲ. ಅಮೆರಿಕದ ಹೆನ್ರಿ ಮೊಲೈಸನ್ ಎಂಬಾತನಿಗೆ ಮೂರ್ಛೆರೋಗದ ಸಲುವಾಗಿ 1953ರಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಎರಡು ಕಡೆಯ ಹಿಪೊಕ್ಯಾಂಪಸುಗಳ ಬಹುಭಾಗವನ್ನು ತೆಗೆದುಹಾಕಿದರು. ಅಂದಿನಿಂದ ಆತನಿಗೆ ಹೊಸ ಸಂಗತಿಗಳು ನೆನಪಿನಲ್ಲಿ ನಿಲ್ಲಲಿಲ್ಲ. ಆದರೆ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆಯನ್ನು ತಿದ್ದುವ ಕಷ್ಟದ ಕೆಲಸವನ್ನು ಬ್ರೆಂಡ ಮಿಲ್ನರ್ ಎಂಬ ವಿಜ್ಞಾನಿ ದಿನವೂ ಆತನಿಂದ ಮಾಡಿಸಿದಾಗ ಆತನ ಕೈ ದಿನೇ ದಿನೇ ಪಳಗಿತು. ಹಿಂದೆ ಅದನ್ನು ಮಾಡಿದ ನೆನಪು ಮಾತ್ರ ಆತನಿಗೆ ಇರಲೇ ಇಲ್ಲ!

ಕೈಗೆ ಬಂದ ವಿದ್ಯೆ ಬೇರೆಯ ದಾರಿಯಲ್ಲಿ ಸಾಗಿ ಬೇರೆಯ ಕಡೆ ನಿಲ್ಲುತ್ತದೆ. ಸೊಸೆಯ ಹೆಸರು ತಿಳಿಯದಿದ್ದ ಅತ್ತೆಯವರು ಹೂ ಕಟ್ಟಲು ಕುಳಿತರೆ ಬೆರಳುಗಳು ತಡವರಿಸುತ್ತಿರಲಿಲ್ಲ. ಹತ್ತಿಯನ್ನು ಕೊಟ್ಟರೆ ಬತ್ತಿ ಹೊಸೆಯುವರು. ಮಾಗಿಯ ಕಾಲದಲ್ಲಿ ಅವರೆಕಾಯಿಯ ರಾಶಿಯನ್ನು ಮುಂದಿಟ್ಟರೆ ಎರಡು ಗಂಟೆಯ ಕಾಲ ಶಾಂತವಾಗಿ ಸುಲಿಯುವರು. ಬತ್ತಿಗಳು ಒಂದು ವರ್ಷಕ್ಕಾಗುವಷ್ಟು ಸೇರಿದ ಮೇಲೂ ಆಕೆಗೆ ಹತ್ತಿ ಕೊಡುವುದನ್ನು ಮನೆಯವರು ನಿಲ್ಲಿಸಲಿಲ್ಲ. ಹಲವು ಹಂತಗಳ ಕೆಲಸಗಳಲ್ಲಿ ಮಾತ್ರ ತೊಡಕಾಗುತ್ತಿದ್ದಿತು. ‘ಸ್ನಾನ ಮಾಡಿ ಸೀರೆ ಉಟ್ಟು ಊಟಕ್ಕೆ ಬನ್ನಿ’ ಎಂಬ ಮಾತಿನಲ್ಲಿ ಮೂರು ಕೆಲಸಗಳಿವೆ. ಮೂರನೆಯದನ್ನು ಕೇಳುವಷ್ಟರಲ್ಲಿ ಮೊದಲನೆಯದು ಅಳಿಸಿಹೋಗಿರುತ್ತದೆ. ಒಂದು ಸಲಕ್ಕೆ ಒಂದೇ ಮಾತು, ಚಿಕ್ಕ ಮಾತು, ಎದುರಿಗೆ ನಿಂತು ಹೇಳಬೇಕು.

ಔಷಧಿ

ರೋಗವನ್ನು ಗುಣಪಡಿಸುವ ಔಷಧಿ ಇನ್ನೂ ಇಲ್ಲ. ಡೊನೆಪೆಜಿಲ್ ಎಂಬ ಮಾತ್ರೆ 1996ರಿಂದ ಬಳಕೆಯಲ್ಲಿದೆ. ಅದು ನರಕೋಶಗಳು ಒಂದಕ್ಕೊಂದು ಸಂದೇಶ ಕಳುಹಿಸಲು ಬೇಕಾದ ಒಂದು ರಾಸಾಯನಿಕ ವಸ್ತು ಬೇಗ ನಾಶವಾಗದಂತೆ ತಡೆದು ಕೆಲವರಿಗೆ ಕೆಲವು ಕಾಲ ನೆರವಾಗುತ್ತದೆ. ಅಮಿಲಾಯ್ಡನ್ನೇ ತೆಗೆಯುವ ಲೆಕಾನೆಮ್ಯಾಬ್ ಎಂಬ ಔಷಧಿಗೆ 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ದೊರೆಯಿತು. ರೋಗದ ಆರಂಭದಲ್ಲಿರುವವರಿಗೆ ಮಾತ್ರ ಇದು ಉಪಯುಕ್ತ. ಹದಿನೆಂಟು ತಿಂಗಳ ಪ್ರಯೋಗದಲ್ಲಿ ರೋಗದ ಏರಿಕೆ ನೂರಕ್ಕೆ 27ರಷ್ಟು ನಿಧಾನವಾಯಿತು. ಮಿದುಳು ಊದಿಕೊಳ್ಳುವ, ರಕ್ತ ಸ್ರವಿಸುವ ಅಪಾಯವೂ ಇದೆ. ಇನ್ನೊಂದು ಮಾತು: ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ದೋಷ, ಮನೋಖಿನ್ನತೆ ಇವುಗಳಿಂದಲೂ ಇಂಥದೇ ಮರೆವು ಬರಬಹುದು, ಅದಕ್ಕೆ ಚಿಕಿತ್ಸೆಯಿದೆ. ಗಾದೆಯನ್ನು ನಂಬಿ ವೈದ್ಯರ ಬಳಿಗೆ ಹೋಗದಿದ್ದವರಿಗೆ ಈ ಲಾಭವೂ ತಪ್ಪುತ್ತದೆ.

ನಮ್ಮ ಕಡೆಯ ಎರಡು ಕೆಲಸಗಳನ್ನು ಇಲ್ಲಿ ಹೆಸರಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ದಾಟಿದ ಗ್ರಾಮಸ್ಥರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಪರೀಕ್ಷಿಸುತ್ತ, ಮಿದುಳಿನ ಮುಪ್ಪನ್ನು ಅಧ್ಯಯನ ಮಾಡುತ್ತಿದ್ದಾರೆ. ಇನ್ನೊಂದು, ಈಗ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿರುವ ಸುವರ್ಣಾ ಅಲ್ಲಾಡಿಯವರು ಹಿಂದೆ ಹೈದರಾಬಾದಿನಲ್ಲಿದ್ದಾಗ 648 ಡಿಮೆನ್ಷಿಯ ರೋಗಿಗಳ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನ. ಒಂದೇ ಭಾಷೆ ಬಲ್ಲವರಿಗಿಂತ ಎರಡು ಭಾಷೆಗಳನ್ನಾಡುವವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿದ್ದಿತು. ಓದುಬರಹ ಬಾರದವರಲ್ಲಿಯೂ ಈ ಅಂತರ ಇದ್ದುದರಿಂದ ಇದು ಕೇವಲ ವಿದ್ಯಾಭ್ಯಾಸದ ಫಲವೆನ್ನುವಂತಿಲ್ಲ. ಅತ್ತೆಯವರಿಗೆ ಕನ್ನಡವೊಂದೇ ಬರುತ್ತಿದ್ದಿತು.

ನೋಡಿಕೊಳ್ಳುವವರು

ರೋಗಿಯನ್ನು ಕುರಿತೇ ಇಷ್ಟು ಹೇಳಿದೆವು. ಅಮೆರಿಕದಲ್ಲಿ ನ್ಯಾನ್ಸಿ ಮೇಸ್, ಪೀಟರ್ ರಾಬಿನ್ಸ್ ಎಂಬಿಬ್ಬರು 1981ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರು ‘ಮುವ್ವತ್ತಾರು ಗಂಟೆಗಳ ದಿನ’ ಎಂಬರ್ಥದ್ದು. ಇಂಥವರನ್ನು ನೋಡಿಕೊಳ್ಳುವವರ ದಿನ ಅಷ್ಟು ದೀರ್ಘವಾಗಿರುತ್ತದೆಂದು ತಾತ್ಪರ್ಯ. ಡಿಮೆನ್ಷಿಯ ರೋಗಿಗಳಿಗೆ ದೊರೆಯುವ ಆರೈಕೆಯ ವೇಳೆಯಲ್ಲಿ ನೂರಕ್ಕೆ 70ರಷ್ಟು ಹೆಂಗಸರಿಂದಲೇ ಸಲ್ಲುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲೆಕ್ಕಕ್ಕೆ ಬಾರದ ಖರ್ಚು ನಿದ್ದೆಯದು. ಅತ್ತೆಯವರು ರಾತ್ರಿ ನಾಲ್ಕು ಸಲ ಏಳುವರು. ನಾಲ್ಕು ಸಲವೂ ಸೊಸೆ ಏಳಬೇಕು. ಮುಂಬಾಗಿಲಿಗೆ ಕೈಗೆಟುಕದ ಎತ್ತರದಲ್ಲಿ ಅಗುಳಿ ಹಾಕಿಸಿದರು. ಒಲೆಯ ಗ್ಯಾಸನ್ನು ರಾತ್ರಿ ಸಿಲಿಂಡರಿನಲ್ಲಿಯೇ ಮುಚ್ಚುವುದು ವಾಡಿಕೆಯಾಯಿತು. ಬೀದಿಯ ತರಕಾರಿಯವನಿಗೂ ಔಷಧಿಯ ಅಂಗಡಿಯವನಿಗೂ ವಿಷಯವನ್ನು ಮುಚ್ಚದೆ ತಿಳಿಸಿದರು. ಈ ಕೊನೆಯ ಕೆಲಸಕ್ಕೆ ಮನೆಯಲ್ಲಿ ಬಹಳ ವಿರೋಧವಿತ್ತು. ಮರ್ಯಾದೆಯ ಪ್ರಶ್ನೆ ಬಂದಿತು. ಅತ್ತೆಯವರು ಒಂದು ಮಧ್ಯಾಹ್ನ ಚೀಲ ಹಿಡಿದು ಹೊರಟೇಹೋದಾಗ ಅವರನ್ನು ಗುರುತಿಸಿ ಕರೆತಂದವನು ಆ ತರಕಾರಿಯವನೇ.

ನಮ್ಮಿಂದಲೂ ಒಂದು ಸಣ್ಣ ಕೆಲಸ ಸಾಧ್ಯವಾಯಿತು. ಎರಡನೆಯ ವರ್ಷ ನಮಗೆ ಬುಧವಾರ ಮತ್ತು ಶನಿವಾರ ಮಧ್ಯಾಹ್ನ ತರಗತಿಗಳಿರಲಿಲ್ಲ. ಆ ಎರಡು ದಿನ ಎರಡರಿಂದ ನಾಲ್ಕು ಗಂಟೆಯವರೆಗೆ ಅತ್ತೆಯವರ ಬಳಿ ನಾವು ಕುಳಿತುಕೊಳ್ಳುವುದೆಂದು ಗೊತ್ತಾಯಿತು. ಅವರು ಬತ್ತಿ ಹೊಸೆಯುವರು. ನಾವು ಪುಸ್ತಕ ಹಿಡಿದು ಕೂಡುವೆವು. ಸಂಪಿಗೆಯ ಮರದ ಕಥೆಯನ್ನು ಅವರು ಮೂರು ಸಲ ಹೇಳಿದರೆ ಮೂರು ಸಲವೂ ಕೇಳುವೆವು. ಸೊಸೆ ಆ ಹೊತ್ತಿನಲ್ಲಿ ಪೇಟೆಗೋ ಗೆಳತಿಯರ ಮನೆಗೋ ಹೋಗಿಬರಲೆಂದು ನಮ್ಮ ಎಣಿಕೆಯಾಗಿದ್ದಿತು. ಆಕೆ ಒಂದು ದಿನವೂ ಹೊರಗೆ ಹೋಗಲಿಲ್ಲ. ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಎರಡು ಗಂಟೆಯೂ ನಿದ್ದೆಮಾಡುವರು.